ಡೆಬಿಯನ್ ಹಾಕಿದ ಮೇಲೆ ಬರೀ ಕರಿ ಪರದೆ, ಡೆಸ್ಕ್‌ಟಾಪ್ ತರೋದು ಹೇಗೆ?

2 ಜಿಬಿ ರ‍್ಯಾಮ್ ಇರೋ ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ (ವಿಂಡೋಸ್ ಬದಲು ಹಾಕೋ ಒಂದು ಲಿನಕ್ಸ್ ಸಿಸ್ಟಂ) ಹಾಕಿದ್ದೀರಿ, ಹಗುರ ಇರಲಿ ಅಂತ ಡೆಸ್ಕ್‌ಟಾಪ್ ಮುಂದಿದ್ದ ಟಿಕ್ ತೆಗೆದಿದ್ದೀರಿ. ಈಗ ಲಾಗಿನ್ ಅಂತ ಬರುತ್ತೆ, ಬೇರೇನೂ ಇಲ್ಲ. ಮತ್ತೆ ಮೊದಲಿಂದ ಹಾಕಬೇಕಾ ಅಂತ ಕೇಳಿದ್ದೀರಿ.

ಬೇಡ. ಸಿಸ್ಟಂ ಸರಿಯಾಗೇ ಇದೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಆಫೀಸಿಗೆ ನಾನೂ ಹೀಗೇ ಒಂದು ಹಳೇ ಲ್ಯಾಪ್‌ಟಾಪ್ ರೆಡಿ ಮಾಡಿಕೊಟ್ಟಿದ್ದೇನೆ. ಆಳುಗಳ ಬಟವಾಡೆ ಲೆಕ್ಕ ಬರೆಯೋಕೆ ಅದು ಸಾಕು.

ಲಾಗಿನ್ ಆಗಿ, 'ಸುಡೊ ಆಪ್ಟ್ ಅಪ್‌ಡೇಟ್' ಕೊಡಿ (ಕಮಾಂಡುಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು). ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸೋದು) ಇಲ್ಲ ಅಂದರೆ, ಇನ್‌ಸ್ಟಾಲ್ ಮಾಡುವಾಗ ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೊಟ್ಟಿದ್ದೀರಿ ಅಂತ ಅರ್ಥ. ಆಗ 'ಸು -' ಕೊಟ್ಟು ರೂಟ್ ಆಗಿಯೇ ಮುಂದುವರಿಯಿರಿ. ಆಮೇಲೆ 'ಆಪ್ಟ್ ಇನ್‌ಸ್ಟಾಲ್' (ರೂಟ್ ಆಗಿಲ್ಲದಿದ್ದರೆ ಮುಂದೆ ಸುಡೊ ಸೇರಿಸಿ) ಜೊತೆ ಮೂರು ಹೆಸರು: ಎಕ್ಸ್‌ಎಫ್‌ಸಿಇ4, ಲೈಟ್‌ಡಿಎಂ, ನೆಟ್‌ವರ್ಕ್-ಮ್ಯಾನೇಜರ್-ಗ್ನೋಮ್. ಮೊದಲನೆಯದು ಡೆಸ್ಕ್‌ಟಾಪ್, ಎರಡನೆಯದು ಲಾಗಿನ್ ಪರದೆ, ಮೂರನೆಯದು ಮೂಲೆಯಲ್ಲಿ ಕೂರೋ ವೈಫೈ ಐಕಾನ್. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಮಧ್ಯೆ ನಿಂತರೆ ಅದೇ ಕಮಾಂಡ್ ಮತ್ತೆ ಕೊಡಿ, ಇಳಿದಿದ್ದನ್ನು ಅದು ಮತ್ತೆ ಇಳಿಸಲ್ಲ.

ಇನ್ನೂ ಹಗುರ ಮಾಡೋಕೆ 'ನೋ-ಇನ್‌ಸ್ಟಾಲ್-ರೆಕಮೆಂಡ್ಸ್' (ಜೊತೆಗೆ ಬರೋ ಶಿಫಾರಸಿನ ಪ್ಯಾಕೇಜುಗಳು ಬೇಡ ಅನ್ನೋದು) ಸೇರಿಸಿ ಅಂತ ಕೆಲವರು ಹೇಳ್ತಾರೆ. ನಾನು ಬೇಡ ಅಂತೀನಿ. ಹಾಗೆ ಮಾಡಿದರೆ ಪರದೆಗೆ ಚಿತ್ರ ತರೋ ಎಕ್ಸಾರ್ಗ್ ಕೂಡ ಬರದೇ ಇರಬಹುದು, ಆಮೇಲೆ ಒಂದೊಂದೇ ಹುಡುಕಿ ಹಾಕ್ತಾ ಕೂರಬೇಕು. ಉಳಿಯೋದು ಸ್ವಲ್ಪ ಡಿಸ್ಕ್ ಜಾಗ ಅಷ್ಟೇ. ಎಕ್ಸ್‌ಎಫ್‌ಸಿಇನಾ, ಎಲ್‌ಎಕ್ಸ್‌ಕ್ಯೂಟಿ ಅನ್ನೋ ಇನ್ನೊಂದು ಹಗುರ ಡೆಸ್ಕ್‌ಟಾಪಾ ಅಂತಲೂ ತಲೆ ಕೆಡಿಸ್ಕೋಬೇಡಿ. 2 ಜಿಬಿಯಲ್ಲಿ ರ‍್ಯಾಮ್ ನುಂಗೋದು ಬ್ರೌಸರ್. ಟ್ಯಾಬ್ ಕಡಿಮೆ ಇಟ್ಕೊಳ್ಳಿ.

ರೀಬೂಟ್ ಮಾಡಿದ ಮೇಲೆ ಜಾಸ್ತಿ ಜನ ಸಿಕ್ಕಿಬೀಳೋದು ವೈಫೈ ಹತ್ತಿರ. ಐಕಾನ್ ಇರುತ್ತೆ, ಒತ್ತಿದರೆ 'ಡಿವೈಸ್ ನಾಟ್ ಮ್ಯಾನೇಜ್ಡ್' ಅನ್ನುತ್ತೆ. ಇನ್‌ಸ್ಟಾಲರ್ ನಿಮ್ಮ ವೈಫೈ ವಿವರವನ್ನು ಇಟಿಸಿ ಫೋಲ್ಡರ್‌ನ ನೆಟ್‌ವರ್ಕ್ ಒಳಗಿರೋ ಇಂಟರ್‌ಫೇಸಸ್ ಫೈಲಿನಲ್ಲಿ ಬರೆದಿಟ್ಟಿರುತ್ತೆ. ಅಲ್ಲಿ ಹೆಸರಿದ್ದರೆ ನೆಟ್‌ವರ್ಕ್ ಮ್ಯಾನೇಜರ್ ಅದರ ತಂಟೆಗೆ ಹೋಗಲ್ಲ. ಆ ಫೈಲನ್ನು ರೂಟ್ ಆಗಿ ನ್ಯಾನೋ ಅನ್ನೋ ಎಡಿಟರ್‌ನಲ್ಲಿ ತೆರೆದು, ವೈಫೈಗೆ ಸೇರಿದ ಸಾಲುಗಳ ಮುಂದೆಲ್ಲ # ಹಾಕಿ. 'ಎಲ್ಒ' ಅಂತಿರೋ ಸಾಲುಗಳನ್ನು ಮುಟ್ಟಬೇಡಿ. ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್, ಮತ್ತೆ ರೀಬೂಟ್. ಈಗ ಐಕಾನ್ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಆಯ್ತು.

ಕನ್ನಡ ಅಕ್ಷರದ ಬದಲು ಬರೀ ಚೌಕ ಕಂಡರೆ 'ಫಾಂಟ್ಸ್-ಕೆಎನ್‌ಡಿಎ' ಹಾಕಿ, ಗುಬ್ಬಿ, ನವಿಲು ಫಾಂಟುಗಳು ಬರುತ್ತೆ. ಟೈಪ್ ಮಾಡೋಕೆ 'ಐಬಸ್-ಎಂ17ಎನ್' ಹಾಕಿ. ಆಮೇಲೆ ರೂಟ್ ಬೇಡ, ನಿಮ್ಮ ಲಾಗಿನ್‌ನಲ್ಲೇ 'ಐಎಂ-ಕಾನ್ಫಿಗ್ -ಎನ್ ಐಬಸ್' ಕೊಟ್ಟು, ಒಮ್ಮೆ ಲಾಗೌಟ್ ಆಗಿ ಬನ್ನಿ. ಐಬಸ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅನ್ನೋ ಕೀಲಿಮಣೆ ವಿನ್ಯಾಸ ಇದೆ. ನುಡಿ ತಂತ್ರಾಂಶದಲ್ಲಿ ಬರೆದು ರೂಢಿ ಇದ್ದರೆ ಅದನ್ನೇ ಆರಿಸ್ಕೊಳ್ಳಿ.