ಆಕ್ಸ್‌ಫರ್ಡ್‌ನ ಹಳೆಯ ತೋಟಗಳು: ಮಗ ಜೊತೆಗಿದ್ದರೆ ಯಾವುದು?

ಹತ್ತು ವರ್ಷದ ಮಗನ ಜೊತೆ ಎರಡು ದಿನ ಆಕ್ಸ್‌ಫರ್ಡ್‌ಗೆ ಹೋಗುತ್ತಿದ್ದೇವೆ, ರೌಶಮ್ ತೋಟ ನೋಡಬಹುದಾ ಅಂತ ಕೇಳಿದ್ದೀರಿ. ಈ ಸಲ ಅದನ್ನು ಬಿಟ್ಟುಬಿಡಿ. ತೋಟ ವಿನ್ಯಾಸಕ ವಿಲಿಯಂ ಕೆಂಟ್ 1730ರ ದಶಕದ ಕೊನೆಯಲ್ಲಿ ರೂಪಿಸಿದ್ದು ಹೆಚ್ಚುಕಡಿಮೆ ಹಾಗೇ ಉಳಿದಿದೆ, ನನಗಂತೂ ಅದೇ ಜಾಸ್ತಿ ಇಷ್ಟ. ಆದರೆ 15 ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದಿಲ್ಲ!

ಊರೊಳಗಿನ ಬೊಟಾನಿಕ್ ಗಾರ್ಡನ್‌ಗೆ ಹೋಗಿ. 1621ರದ್ದು, ಬ್ರಿಟನ್ನಿನ ಸಸ್ಯೋದ್ಯಾನಗಳಲ್ಲೇ ಹಳೆಯದು. ಅಲ್ಲಿನ ಮೊದಲ ಮಾಲಿ ಜೇಕಬ್ ಬೋಬಾರ್ಟ್ 1645ರಲ್ಲಿ ನೆಟ್ಟ ಯೂ ಅನ್ನೋ ನಿತ್ಯಹಸಿರು ಮರ ಇನ್ನೂ ಇದೆ, ಮಗನಿಗೆ ತಪ್ಪದೆ ತೋರಿಸಿ. ಎದುರಿಗೇ ಮ್ಯಾಗ್ಡಲೆನ್ ಕಾಲೇಜು. ಹೆಸರನ್ನು 'ಮಾಡ್ಲಿನ್' ಅನ್ನಬೇಕು, ಯಾಕೋ ಗೊತ್ತಿಲ್ಲ! ಅಲ್ಲಿ ಜಿಂಕೆಗಳಿವೆ.

ಎರಡನೇ ದಿನ ಬಸ್ಸಲ್ಲಿ ವುಡ್‌ಸ್ಟಾಕ್‌ಗೆ ಹೋದರೆ ಬ್ಲೆನಿಮ್ ಅರಮನೆ. ಅಲ್ಲಿನ ದೊಡ್ಡ ಕೆರೆ ಸಹಜವಾದದ್ದಲ್ಲ, 1760ರ ದಶಕದಲ್ಲಿ ತೋಟ ವಿನ್ಯಾಸಕ ಕೇಪಬಿಲಿಟಿ ಬ್ರೌನ್ ಗ್ಲೈಮ್ ಹೊಳೆಗೆ ಕಟ್ಟೆ ಹಾಕಿಸಿ ಮಾಡಿದ್ದು.