ಲಸಿಕೆ ಹಾಕಿಸಿದ ಕುದುರೆಗೂ ಹರ್ಪಿಸ್ ಬರುವುದೇಕೆ?

ಲಾಯದ ಎಲ್ಲ ಕುದುರೆಗಳಿಗೂ ತಪ್ಪದೆ ಲಸಿಕೆ ಹಾಕಿಸಿದ್ದೀರಿ, ಕೆಲವು ತಿಂಗಳುಗಳಿಂದ ಹೊರಗಿನ ಕುದುರೆ ಒಳಗೆ ಬಂದಿಲ್ಲ. ಆದರೂ ಒಂದು ಕುದುರೆ ಹಿಂಗಾಲುಗಳ ಸ್ವಾಧೀನ ಕಳೆದುಕೊಂಡಿದೆ, ಪರೀಕ್ಷೆಯಲ್ಲಿ ಹರ್ಪಿಸ್ ವೈರಾಣು ಪತ್ತೆಯಾಗಿದೆ. ಸೋಂಕು ಎಲ್ಲಿಂದ ಬಂತು, ಇಷ್ಟು ವರ್ಷ ಸಂಶೋಧನೆ ನಡೆದರೂ ಲಸಿಕೆ ಇದನ್ನೇಕೆ ತಡೆಯಲಿಲ್ಲ ಎಂದು ಕೇಳಿದ್ದೀರಿ. ನಾನು ಕುದುರೆಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯ. ನಿಮ್ಮ ಆರೈಕೆಯಲ್ಲಿ ಲೋಪವಾಗಿರಲೇಬೇಕು ಎಂದು ದಯವಿಟ್ಟು ಭಾವಿಸಬೇಡಿ.

ಮೊದಲು ಸೋಂಕಿನ ಮೂಲ. ಕುದುರೆಗಳಲ್ಲಿ ಹಲವು ಬಗೆಯ ಹರ್ಪಿಸ್ ವೈರಾಣುಗಳಿದ್ದರೂ ಹೆಚ್ಚು ಹಾನಿ ಮಾಡುವುದು ಒಂದನೆಯ ಬಗೆ. ಅದರ ಹತ್ತಿರದ ಸಂಬಂಧಿಯಾದ ನಾಲ್ಕನೆಯ ಬಗೆ ಮುಖ್ಯವಾಗಿ ಮೂಗು ಮತ್ತು ಶ್ವಾಸನಾಳಕ್ಕೆ ಸೀಮಿತ. ಇವೆರಡೂ ಬೇರೆ ಬೇರೆ ವೈರಾಣುಗಳೆಂದು ಸ್ಪಷ್ಟವಾದದ್ದೇ 1980ರ ದಶಕದಲ್ಲಿ. ಬಹುತೇಕ ಕುದುರೆಗಳಿಗೆ ಮರಿಯಾಗಿದ್ದಾಗಲೇ ಸೋಂಕು ತಗಲಿರುತ್ತದೆ. ಆಮೇಲೆ ವೈರಾಣು ದೇಹ ಬಿಟ್ಟು ಹೋಗುವುದಿಲ್ಲ. ಮುಖದ ನರಗಳ ಗಂಟುಗಳಲ್ಲಿಯೂ ದುಗ್ಧರಸ ಗ್ರಂಥಿಗಳಲ್ಲಿಯೂ ಜೀವನಪರ್ಯಂತ ಸುಪ್ತವಾಗಿ ಉಳಿಯುತ್ತದೆ. ದೂರದ ಪ್ರಯಾಣ, ಮರಿಗಳನ್ನು ತಾಯಿಯಿಂದ ಬೇರ್ಪಡಿಸುವುದು, ಬೇರೊಂದು ಕಾಯಿಲೆ, ಇಂಥ ಯಾವುದೇ ಒತ್ತಡದಲ್ಲಿ ಅದು ಎಚ್ಚೆತ್ತು ಮೂಗಿನ ದ್ರವದಲ್ಲಿ ಹೊರಬರಬಹುದು. ಆಗ ಅದನ್ನು ಹೊರಹಾಕುತ್ತಿರುವ ಕುದುರೆಯನ್ನು ನೋಡಿದರೆ ಏನೂ ಆಗಿಲ್ಲವೆಂಬಂತಿರಬಹುದು. ಹಾಗಾಗಿ ಹೊರಗಿನಿಂದ ಯಾರೂ ತರದೆಯೇ ಲಾಯದೊಳಗಿನಿಂದಲೇ ರೋಗ ಹುಟ್ಟಬಲ್ಲದು.

ಲಸಿಕೆ ಸೋಲುವ ಜಾಗ ಇದರ ಮುಂದಿನ ಹಂತದಲ್ಲಿದೆ. ಉಸಿರಿನೊಂದಿಗೆ ಒಳಬಂದ ವೈರಾಣು ಮೂಗಿನ ಒಳಪೊರೆಯಲ್ಲಿ ಬೆಳೆದು, ಹತ್ತಿರದ ದುಗ್ಧರಸ ಗ್ರಂಥಿಗಳನ್ನು ಸೇರಿ, ಅಲ್ಲಿಂದ ಬಿಳಿ ರಕ್ತಕಣಗಳ ಒಳಗೆ ಕುಳಿತು ಮೈಯೆಲ್ಲ ಸುತ್ತುತ್ತದೆ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ರಕ್ತದಲ್ಲಿ ಬಿಡಿಯಾಗಿರುವ ವೈರಾಣುವನ್ನು ಹಿಡಿಯಬಲ್ಲವೇ ಹೊರತು ಜೀವಕೋಶದೊಳಗೆ ಅಡಗಿ ಸಾಗುವುದನ್ನು ಮುಟ್ಟಲಾರವು. ಅಂಥ ಕೋಶಗಳನ್ನು ಗುರುತಿಸಿ ಕೊಲ್ಲಬೇಕಾದ ರಕ್ಷಣಾ ಕಣಗಳಿಗೂ ವೈರಾಣು ಕಣ್ಣುಕಟ್ಟುತ್ತದೆ, ಏಕೆಂದರೆ ಸೋಂಕಿನ ಗುರುತನ್ನು ಕೋಶದ ಮೇಲ್ಮೈಗೆ ತಂದು ತೋರಿಸುವ ವ್ಯವಸ್ಥೆಯನ್ನೇ ಅದು ಕುಗ್ಗಿಸುತ್ತದೆ. ಕೊನೆಗೆ ಸೋಂಕು ರಕ್ತನಾಳಗಳ ಒಳಪದರಕ್ಕೆ ದಾಟಿ, ಅಲ್ಲಿ ಉರಿಯೂತವಾಗಿ ರಕ್ತ ಹೆಪ್ಪುಗಟ್ಟುತ್ತದೆ. ಇದು ಗರ್ಭಕೋಶದಲ್ಲಿ ಆದರೆ ಗಬ್ಬದ ಕುದುರೆ ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಬೆನ್ನುಹುರಿಯಲ್ಲಿ ಆದರೆ ರಕ್ತ ಸಿಗದ ನರಭಾಗ ಸಾಯುತ್ತದೆ. ನಿಮ್ಮ ಕುದುರೆಗೆ ಆಗಿರುವುದು ಈ ಎರಡನೆಯದು. ಲಸಿಕೆಯಿಂದ ಉಸಿರಾಟದ ತೊಂದರೆ ಕಡಿಮೆಯಾಗುತ್ತದೆ, ಕುದುರೆ ಹೊರಹಾಕುವ ವೈರಾಣುವಿನ ಪ್ರಮಾಣ ತಗ್ಗುತ್ತದೆ, ಕಂದು ಹಾಕುವುದೂ ಕಡಿಮೆಯಾಗಬಹುದು. ನರರೋಗವನ್ನು ತಡೆಯುತ್ತದೆಂಬ ಭರವಸೆಯನ್ನು ಮಾತ್ರ ಈಗಿರುವ ಯಾವ ಲಸಿಕೆಯೂ ಕೊಡುವುದಿಲ್ಲ. ಇದನ್ನು ಲಸಿಕೆ ಹಾಕುವ ದಿನವೇ ಮಾಲೀಕರಿಗೆ ಬಿಡಿಸಿ ಹೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಶೋಧನೆ ನಿಂತಿಲ್ಲ. 1930ರ ದಶಕದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಕುದುರೆಗಳು ಸಾಲುಸಾಲಾಗಿ ಕಂದು ಹಾಕಿದ್ದಕ್ಕೆ ವೈರಾಣು ಕಾರಣವೆಂದು ತಿಳಿದಲ್ಲಿಂದ ಈ ಅಧ್ಯಯನ ಆರಂಭವಾಯಿತು. 1992ರಲ್ಲಿ ಸುಮಾರು 1,50,000 ಅಕ್ಷರಗಳಷ್ಟು ಉದ್ದದ ಅದರ ಡಿಎನ್‌ಎ ಪೂರ್ತಿ ಓದಲಾಯಿತು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ, ವೈರಾಣು ತನ್ನ ಡಿಎನ್‌ಎಯನ್ನು ನಕಲು ಮಾಡಲು ಬಳಸುವ ಪಾಲಿಮರೇಸ್ ಕಿಣ್ವದ 752ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವ ತಳಿಗಳು ನರರೋಗದ ಪ್ರಕರಣಗಳಲ್ಲಿ ಹೆಚ್ಚಾಗಿ ಸಿಗುತ್ತವೆ ಎಂದು ತೋರಿಸಿತು. ಪ್ರಯೋಗಾಲಯದ ವರದಿಯಲ್ಲಿ ಈ ಬದಲಾವಣೆ ಇಲ್ಲವೆಂದು ಬಂದರೆ ಕೆಲವರು ನಿರಾಳರಾಗುತ್ತಾರೆ. ಹಾಗೆ ಆಗಬಾರದು, ಏಕೆಂದರೆ ಬದಲಾವಣೆಯಿಲ್ಲದ ತಳಿಗಳಿಂದಲೂ ಕುದುರೆಗಳು ನೆಲ ಹಿಡಿದಿವೆ. ಸೋಂಕು ತಗಲಿದ ಎಲ್ಲ ಕುದುರೆಗಳಲ್ಲಿ ಕೆಲವಕ್ಕೆ ಮಾತ್ರ ನರರೋಗ ಏಕೆ ಬರುತ್ತದೆ ಎಂಬುದೇ ಇಂದಿನ ಮುಖ್ಯ ಪ್ರಶ್ನೆ. ವಯಸ್ಸಾದ ಕುದುರೆಗಳಲ್ಲಿ ಅಪಾಯ ಹೆಚ್ಚು. ಇಲಿಯಲ್ಲಿ ಈ ರೋಗ ಕುದುರೆಯಲ್ಲಿ ಕಾಣುವಂತೆ ಮೂಡದ ಕಾರಣ ಪ್ರಯೋಗಗಳನ್ನು ಕುದುರೆಗಳ ಮೇಲೆಯೇ ಮಾಡಬೇಕಾಗುತ್ತದೆ. ಅದು ದುಬಾರಿ, ಮತ್ತು ಆ ಪ್ರಾಣಿಗಳಿಗೆ ನೋವಿನ ಸಂಗತಿ.

ಇನ್ನು ಈಗ ಮಾಡಬೇಕಾದದ್ದು. ಉಳಿದ ಎಲ್ಲ ಕುದುರೆಗಳ ಜ್ವರವನ್ನು ಬೆಳಿಗ್ಗೆ ಮತ್ತು ಸಂಜೆ ಅಳೆದು ಬರೆದಿಡಿ. ನಾನು ನೋಡಿಕೊಂಡ ಒಂದು ಹೆಣ್ಣು ಕುದುರೆ ಸಂಜೆ ಎಂದಿನಂತೆ ಹುಲ್ಲು ತಿಂದಿತ್ತು. ಮರುದಿನ ಬೆಳಿಗ್ಗೆ ಹೋದಾಗ ಪೃಷ್ಠವನ್ನು ಗೋಡೆಗೆ ಒರಗಿಸಿ ನಿಂತಿತ್ತು, ಬಾಲ ಎತ್ತಿದರೆ ಬಿಗಿಯೇ ಇಲ್ಲದೆ ಕೈಯಲ್ಲಿ ಜೋತುಬಿತ್ತು, ಮೂತ್ರ ತೊಟ್ಟಿಕ್ಕಿ ಹಿಂಗಾಲಿನ ಒಳಬದಿಯ ಕೂದಲು ಒದ್ದೆಯಾಗಿತ್ತು, ಹಿಂಗಾಲಿನ ಗೊರಸಿನ ತುದಿ ನೆಲಕ್ಕೆ ಉಜ್ಜಿ ಸವೆದಿತ್ತು. ಜ್ವರದ ಪಟ್ಟಿಯನ್ನು ತಿರುವಿದಾಗ ಕೆಲವು ದಿನಗಳ ಹಿಂದೆ 39 ಡಿಗ್ರಿ ಸೆಲ್ಸಿಯಸ್ ದಾಟಿದ್ದ ಒಂದು ಅಂಕಿ ಅಲ್ಲಿಯೇ ಇತ್ತು. ಅದನ್ನು ಆ ದಿನವೇ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. 38.5 ದಾಟಿದ ಕುದುರೆಯನ್ನು ಕೂಡಲೇ ಬೇರ್ಪಡಿಸಿ, ಮೂಗಿನ ಸ್ವಾಬ್ ಮತ್ತು ಹೆಪ್ಪುಗಟ್ಟದಂತೆ ತೆಗೆದ ರಕ್ತ ಎರಡನ್ನೂ ಪಿಸಿಆರ್ ಪರೀಕ್ಷೆಗೆ ಕಳಿಸಿ. ವ್ಯಾಲಸೈಕ್ಲೊವಿರ್‌ನಂಥ ಔಷಧಿ ಕೊಡುವುದಾದರೆ ಈ ಜ್ವರದ ಹಂತದಲ್ಲಿ ಆರಂಭಿಸುವುದು ಒಳ್ಳೆಯದು. ಕಾಲು ಸೋತ ಮೇಲೆ ಅದರಿಂದ ಹೆಚ್ಚು ನಿರೀಕ್ಷಿಸಲಾಗದು.

ಒಂದು ಕುದುರೆಯನ್ನೂ ಲಾಯದಿಂದ ಹೊರಗೆ ಸಾಗಿಸಬೇಡಿ. 2021ರ ಫೆಬ್ರುವರಿಯಲ್ಲಿ ಸ್ಪೇನಿನ ವಲೆನ್ಸಿಯಾದ ಜಿಗಿತದ ಸ್ಪರ್ಧೆಗಳಲ್ಲಿ ರೋಗ ಕಾಣಿಸಿಕೊಂಡಾಗ, ಹತೋಟಿಗೆ ಮುನ್ನವೇ ಅಲ್ಲಿಂದ ಹೊರಟ ಕುದುರೆಗಳೊಂದಿಗೆ ಸೋಂಕು ಬೇರೆ ದೇಶಗಳನ್ನೂ ತಲುಪಿ, ಯುರೋಪಿನಲ್ಲಿ ಒಟ್ಟು 18 ಕುದುರೆಗಳು ಸತ್ತವು. ಬಕೆಟ್, ಮುಖಗವಸು, ಉಜ್ಜುವ ಬ್ರಷ್, ಕೆಲಸದವರ ಕೈ ಮತ್ತು ಬಟ್ಟೆ ಎಲ್ಲದರಿಂದಲೂ ವೈರಾಣು ಸಾಗುತ್ತದೆ. ಸಾಮಾನ್ಯ ಸೋಂಕುನಿವಾರಕಗಳಿಗೆ ಅದು ಸುಲಭವಾಗಿ ನಾಶವಾಗುತ್ತದೆ, ಆದರೆ ಲದ್ದಿ ಮತ್ತು ಕೊಳೆಯನ್ನು ಮೊದಲು ತೊಳೆದು ತೆಗೆದಿರಬೇಕು. ಗಬ್ಬದ ಕುದುರೆಗಳಿದ್ದರೆ ಅವುಗಳಿಗೆ ಬೇರೆಯೇ ಆಳು ಇರಲಿ.

ನಿಮ್ಮ ಕುದುರೆ ಇನ್ನೂ ಸ್ವಂತ ಕಾಲ ಮೇಲೆ ನಿಂತಿದ್ದರೆ ಭರವಸೆ ಬಿಡಬೇಡಿ. ದಪ್ಪನೆಯ ಹಾಸು ಹಾಕಿ, ನೀರು ಮತ್ತು ಹುಲ್ಲನ್ನು ಬಾಯಿಗೆ ಎಟಕುವ ಎತ್ತರದಲ್ಲಿಡಿ. ಮೂತ್ರಕೋಶ ತುಂಬಿಕೊಂಡಿದೆಯೇ ಎಂದು ವೈದ್ಯರಿಂದ ದಿನವೂ ನೋಡಿಸಿ, ಅಗತ್ಯವಿದ್ದರೆ ಕೊಳವೆ ಹಾಕಿಸಿ. ಬೀಳದೆ ಉಳಿದ ಕುದುರೆಗಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ, ಆದರೆ ನಡಿಗೆ ಸರಿಹೋಗಲು ವಾರಗಳಿಂದ ತಿಂಗಳುಗಳೇ ಹಿಡಿಯಬಹುದು.