ರೋಮನೆಸ್ಕ್ ಚರ್ಚು, ಗೋಥಿಕ್ ಚರ್ಚು: ಕಮಾನು ನೋಡುವ ಮೊದಲು ಗೋಡೆ ನೋಡಿ

ಮುಂದಿನ ತಿಂಗಳು ಫ್ರಾನ್ಸಿಗೆ ಹೋಗ್ತಿದ್ದೀರಿ ಅಂದಿರಿ. ಯುರೋಪಿನ ಮಧ್ಯಯುಗದ ಚರ್ಚುಗಳಲ್ಲಿ ಗುಂಡು ಕಮಾನು ಇದ್ದರೆ ರೋಮನೆಸ್ಕ್ ಶೈಲಿ, ಚೂಪು ಕಮಾನು ಇದ್ದರೆ ಅದರ ನಂತರ ಬಂದ ಗೋಥಿಕ್ ಶೈಲಿ ಅಂತ ಓದಿದ್ದೀರಿ. ಅಷ್ಟು ಗೊತ್ತಿದ್ದರೆ ಸಾಕಾ ಅನ್ನೋದು ನಿಮ್ಮ ಪ್ರಶ್ನೆ. ಜೊತೆಗೆ ಮೈಸೂರಿನ ಸಂತ ಫಿಲೋಮಿನಾ ಚರ್ಚು ಯಾವುದಕ್ಕೆ ಸೇರುತ್ತದೆ ಅಂತಲೂ ಕೇಳಿದ್ದೀರಿ.

ಕಮಾನು ಒಂದನ್ನೇ ನಂಬಬೇಡಿ. ಇಂಗ್ಲೆಂಡಿನ ಡರ್ಹಮ್ ಕ್ಯಾಥೆಡ್ರಲ್ ಕೆಲಸ ಶುರುವಾದದ್ದು 1093ರಲ್ಲಿ, ಚಾವಣಿ ಮುಗಿದದ್ದು 1133ರಲ್ಲಿ. ದಪ್ಪ ಗೋಡೆ, ಭಾರಿ ಕಂಬಗಳ ರೋಮನೆಸ್ಕ್ ಕಟ್ಟಡ ಅದು. ಆದರೂ ಅದರ ನಡುಹಜಾರದ (ಜನ ಸೇರುವ ಉದ್ದನೆಯ ಭಾಗದ) ಮೇಲೆ ಅಡ್ಡಲಾಗಿ ಹಾದಿರುವ ಕಮಾನುಗಳು ಚೂಪಾಗಿವೆ. ಫ್ರಾನ್ಸಿನ ಬರ್ಗಂಡಿ ಸೀಮೆಯ ರೋಮನೆಸ್ಕ್ ಚರ್ಚುಗಳಲ್ಲೂ ಚೂಪು ಕಮಾನು ಸಿಗುತ್ತದೆ.

ನಾನು ಒಳಗೆ ಹೋದ ತಕ್ಷಣ ನೋಡುವುದು ಇಷ್ಟೇ: ಮೇಲಿನ ಕಲ್ಲಿನ ಚಾವಣಿಯ ಭಾರವನ್ನು ಯಾರು ಹೊತ್ತಿದ್ದಾರೆ? ಗೋಡೆಯೋ, ಕಂಬಗಳೋ?

ಮರದ ಚಾವಣಿಗಳಿಗೆ ಬೆಂಕಿ ಬೀಳುವುದು ಆ ಕಾಲದಲ್ಲಿ ಮಾಮೂಲು. ಹಾಗಾಗಿ 11ನೇ ಶತಮಾನದ ಹೊತ್ತಿಗೆ ದೊಡ್ಡ ಚರ್ಚುಗಳಿಗೆ ಕಲ್ಲಿನಲ್ಲೇ ಕಮಾನು ಚಾವಣಿ ಹಾಕುವುದು ಜಾಸ್ತಿಯಾಯಿತು. ಕಲ್ಲಿನ ಕಮಾನಿನ ತೊಂದರೆ ಏನೆಂದರೆ, ಅದು ಕೆಳಕ್ಕೆ ಒತ್ತುವುದರ ಜೊತೆಗೆ ಗೋಡೆಯನ್ನು ಹೊರಕ್ಕೂ ತಳ್ಳುತ್ತದೆ. ರೋಮನೆಸ್ಕ್ ಕಟ್ಟುವವರು ಇದಕ್ಕೆ ಕೊಟ್ಟ ಉತ್ತರ ದಪ್ಪ ಗೋಡೆ. ಅಂಥ ಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆದರೆ ಬಲ ಹೋಗುತ್ತದೆ. ಅದಕ್ಕೇ ಕಿಟಕಿ ಚಿಕ್ಕದು, ಬೆಳಕು ಕಡಿಮೆ.

ಗೋಥಿಕ್ ಕಟ್ಟುವವರು ಚಾವಣಿಯ ಅಡಿಗೆ ಪಕ್ಕೆಲುಬುಗಳಂಥ ಕಲ್ಲಿನ ಪಟ್ಟಿಗಳನ್ನು ಹಾಯಿಸಿದರು. ಭಾರ ಗೋಡೆಯುದ್ದಕ್ಕೂ ಹರಡದೆ, ಆ ಪಟ್ಟಿಗಳು ಬಂದು ಕೂಡುವ ಕೆಲವೇ ಜಾಗಗಳಿಗೆ ಇಳಿಯಿತು. ಅಲ್ಲಿ ಕಂಬ ನಿಲ್ಲಿಸಿದರು. ಹೊರಕ್ಕೆ ತಳ್ಳುವ ಬಲವನ್ನು ತಡೆಯಲು ಹೊರಗಿನಿಂದ ಅರ್ಧ ಕಮಾನುಗಳನ್ನು ಕೊಟ್ಟರು, ವಾಲಿದ ಗೋಡೆಗೆ ಓರೆಯಾಗಿ ತೊಲೆ ಕೊಟ್ಟ ಹಾಗೆ. ಫ್ಲೈಯಿಂಗ್ ಬಟ್ರೆಸ್ ಅನ್ನುವುದು ಇದನ್ನೇ. ಚೂಪು ಕಮಾನಿನ ಪಾಲು ಇಲ್ಲಿದೆ: ಅದು ಗುಂಡು ಕಮಾನಿಗಿಂತ ಕಡಿಮೆ ಹೊರತಳ್ಳುತ್ತದೆ, ಅಗಲ ಅಷ್ಟೇ ಇದ್ದರೂ ಎಷ್ಟು ಬೇಕೋ ಅಷ್ಟು ಎತ್ತರಿಸಬಹುದು. ಇಷ್ಟಾದ ಮೇಲೆ ಕಂಬಗಳ ನಡುವಿನ ಗೋಡೆಗೆ ಕೆಲಸವೇ ಉಳಿಯಲಿಲ್ಲ. ಆ ಜಾಗಕ್ಕೆ ಬಣ್ಣದ ಗಾಜು ಬಂತು. 1194ರ ಬೆಂಕಿಯ ನಂತರ ಮತ್ತೆ ಕಟ್ಟಿದ ಶಾರ್ತ್ರ್ ಕ್ಯಾಥೆಡ್ರಲಿನಲ್ಲಿ 170ಕ್ಕೂ ಹೆಚ್ಚು ಬಣ್ಣದ ಗಾಜಿನ ಕಿಟಕಿಗಳಿವೆ. ಒಳಗೆ ನಿಂತರೆ ಕಲ್ಲಿಗಿಂತ ಗಾಜೇ ಜಾಸ್ತಿ ಅನ್ನಿಸುತ್ತದೆ.

ಎರಡನ್ನೂ ಒಂದೇ ಸೂರಿನಡಿ ನೋಡಬೇಕಾದರೆ ಬರ್ಗಂಡಿಯ ವೆಜಲೆಗೆ ಹೋಗಿ. ಮಗ್ದಲದ ಮರಿಯಳ ಹೆಸರಿನ ಚರ್ಚು ಗುಡ್ಡದ ನೆತ್ತಿಯ ಮೇಲಿದೆ. 1146ರಲ್ಲಿ ಸಂತ ಬರ್ನಾರ್ಡ್ ಎರಡನೇ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಕರೆ ಕೊಟ್ಟದ್ದು ಈ ಊರಿನಲ್ಲೇ. ನಡುಹಜಾರ 1120ರ ಬೆಂಕಿಯ ನಂತರ ಕಟ್ಟಿದ್ದು, ರೋಮನೆಸ್ಕ್. ತಲೆಯ ಮೇಲೆ ಗುಂಡು ಕಮಾನುಗಳು, ಒಂದು ಕಲ್ಲು ತಿಳಿ ಬಣ್ಣ, ಒಂದು ಕಲ್ಲು ಕಂದು. ಮುಂದೆ ಬಲಿಪೀಠದ ಭಾಗ, ಅಂದರೆ ಪೂಜೆ ನಡೆಯುವ ಕಡೆ, ಅದೇ ಶತಮಾನದ ಕೊನೆಯದು, ಗೋಥಿಕ್. ಅಲ್ಲಿ ಕಂಬ ಸಣ್ಣದಾಗುತ್ತದೆ, ಕಿಟಕಿ ದೊಡ್ಡದಾಗುತ್ತದೆ, ಬೆಳಕು ಬೆಳ್ಳಗಾಗುತ್ತದೆ. ನಾಲ್ಕು ಹೆಜ್ಜೆಯಲ್ಲಿ ಇಡೀ ಬದಲಾವಣೆ ಕಣ್ಣಿಗೆ ಬೀಳುತ್ತದೆ.

ವೆಜಲೆಯ ಹಜಾರದಲ್ಲಿ ಇನ್ನೊಂದು ಗಮನಿಸಿ. ಗೋಡೆಗಳು ಮೇಲ್ಗಡೆ ಹೊರಕ್ಕೆ ವಾಲಿವೆ, ಕಮಾನುಗಳು ಕೊಂಚ ಚಪ್ಪಟೆಯಾಗಿವೆ. ಗೋಡೆಯ ದಪ್ಪವೊಂದೇ ಆ ತಳ್ಳುವಿಕೆಗೆ ಸಾಲಲಿಲ್ಲ. 1840ರಿಂದ ಇದನ್ನು ದುರಸ್ತಿ ಮಾಡಿದ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಹೊರಗಿನ ಆಸರೆ ಕಮಾನುಗಳನ್ನು ಮತ್ತೆ ಕಟ್ಟಿಸಿದ. ಕಲ್ಲಿನ ಒತ್ತಡ ಅಂದರೇನು ಅನ್ನೋದು ಇಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಕಂಬದ ತಲೆಗಳನ್ನು ಮಾತ್ರ ಬಿಡಬೇಡಿ. ಒಂದರಲ್ಲಿ ಮೋಶೆ ಮೇಲಿನಿಂದ ಬೀಸುವ ಯಂತ್ರಕ್ಕೆ ಕಾಳು ಸುರಿಯುತ್ತಿದ್ದಾನೆ, ಕೆಳಗೆ ಪೌಲ ಚೀಲ ಹಿಡಿದು ಹಿಟ್ಟು ತುಂಬಿಸಿಕೊಳ್ಳುತ್ತಿದ್ದಾನೆ. ಬೈಬಲಿನ ಹಳೆ ಒಡಂಬಡಿಕೆಯ ಕಾಳು ಹೊಸ ಒಡಂಬಡಿಕೆಯಲ್ಲಿ ಹಿಟ್ಟಾಯಿತು ಅನ್ನೋದು ಅದರ ಅರ್ಥ. ರೋಮನೆಸ್ಕ್ ಅಂದರೆ ಗೋಥಿಕ್ ಬರುವ ತನಕದ ತಯಾರಿ ಅಂತ ಕೆಲವರು ಬರೀತಾರೆ. ಈ ಕೆತ್ತನೆ ನೋಡಿದವರು ಹಾಗೆ ಬರೆಯುವುದು ಕಷ್ಟ. ನನಗಂತೂ ಎರಡರಲ್ಲಿ ಈ ಹಜಾರವೇ ಹೆಚ್ಚು ಪ್ರೀತಿ.

ಗೋಥಿಕ್ ಎಷ್ಟು ದೂರ ಹೋಯಿತು ಅನ್ನೋದಕ್ಕೆ ಉತ್ತರ ಫ್ರಾನ್ಸಿನ ಬೊವೆ ಊರಿನ ಕ್ಯಾಥೆಡ್ರಲ್ ನೋಡಬೇಕು. ಅಲ್ಲಿ ಬಲಿಪೀಠದ ಮೇಲಿನ ಚಾವಣಿಯನ್ನು ಸುಮಾರು 48 ಮೀಟರ್ ಎತ್ತರಕ್ಕೆ ಒಯ್ದರು. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ನಡುವೆ ಇನ್ನಷ್ಟು ಕಂಬ ಸೇರಿಸಿ ಮತ್ತೆ ಕಟ್ಟಿದರು. ಆಮೇಲೆ ಎತ್ತಿದ ಗೋಪುರ 1573ರಲ್ಲಿ ಬಿತ್ತು. ನಡುಹಜಾರ ಕೊನೆಗೂ ಆಗಲೇ ಇಲ್ಲ. ಅದು ಬರಬೇಕಾಗಿದ್ದ ಜಾಗದಲ್ಲಿ ಹಿಂದಿನ ಪುಟ್ಟ ಚರ್ಚಿನ ಒಂದು ಭಾಗ, 10ನೇ ಶತಮಾನದ್ದು, ಇವತ್ತಿಗೂ ನಿಂತಿದೆ.

ಮೈಸೂರಿನದು ಗೋಥಿಕ್ ಶೈಲಿಯದೇ, ಆದರೆ ಹಳೆಯದಲ್ಲ. ಯುರೋಪಿನಲ್ಲಿ 19ನೇ ಶತಮಾನದಲ್ಲಿ ಜೋರಾಗಿ ಮರಳಿ ಬಂದ ನವಗೋಥಿಕ್ ಸಾಲಿನದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಹಾಕಿದರು.

ಪ್ಯಾರಿಸ್ ಬಿಟ್ಟು ದೂರ ಹೋಗಲು ಸಮಯವಿಲ್ಲ ಅಂದರೆ ಹತ್ತಿರದಲ್ಲೇ ಎರಡು ಜಾಗ ಹೇಳ್ತೀನಿ. ಊರೊಳಗಿನ ಸೇಂಟ್ ಜರ್ಮೇನ್ ದೆ ಪ್ರೆ ಚರ್ಚಿನ ಗೋಪುರ, ಹಜಾರದ ಗೋಡೆ ರೋಮನೆಸ್ಕ್, 1163ರಲ್ಲಿ ಪ್ರತಿಷ್ಠೆಯಾದ ಬಲಿಪೀಠದ ಭಾಗ ಗೋಥಿಕ್. ಇನ್ನೊಂದು ಪ್ಯಾರಿಸ್ಸಿನ ಉತ್ತರಕ್ಕೆ ಅಂಟಿದ ಸೇಂಟ್ ಡೆನಿ ಊರಿನ ಚರ್ಚು, ಮೆಟ್ರೋ 13ನೇ ಲೈನಿನಲ್ಲಿ ಹೋಗಬಹುದು. ಅಲ್ಲಿನ ಮಠದ ಮುಖ್ಯಸ್ಥ ಸುಜೆ 1144ರಲ್ಲಿ ಪೂರೈಸಿದ ಬಲಿಪೀಠದ ಭಾಗದಿಂದಲೇ ಗೋಥಿಕ್ ಶುರು ಅಂತ ಸಾಮಾನ್ಯವಾಗಿ ಲೆಕ್ಕ. ಮೇಲಿನ ಭಾಗವನ್ನು 13ನೇ ಶತಮಾನದಲ್ಲಿ ಬದಲಿಸಿದ್ದಾರೆ. ಬಲಿಪೀಠದ ಹಿಂದೆ ಸುತ್ತುವ ಓಣಿ ಮಾತ್ರ ಸುಜೆಯ ಕಾಲದ್ದು, ಅಲ್ಲಿಗೆ ಹೋಗದೆ ವಾಪಸ್ ಬರಬೇಡಿ.